ಬಾಡಿ ಮಡಿವಾಳಪ್ಪ ಕಟ್ಟಿದ ಹಾಯಿದೋಣಿ

ಶಿರಸಿಯ ಬನವಾಸಿ ರಸ್ತೆಯಲ್ಲಿ ಲಾರಿ ಬಾಡಿ ಕಟ್ಟುವ ಮಡಿವಾಳಪ್ಪನ ಬಾಯಲ್ಲಿ ಒಬ್ಬರ ಬಗ್ಗೆಯಾದರೂ ಒಳ್ಳೆಯ ಮಾತು ಕೇಳಿದವರಿಲ್ಲ. ಅವನ ಪ್ರಕಾರ ಡ್ರೈವರುಗಳೆಲ್ಲ ಎಮ್ಮೆ ಕಾಯಬೇಕಾದವರು, ದಾರಿ ತಪ್ಪಿ ಸ್ಟೇರಿಂಗ್ ಹಿಡಿದವರು. ಮಾಲಕರು ಮತ್ತಿಗೂ ಮಾವಿಗೂ ವ್ಯತ್ಯಾಸ ತಿಳಿಯದ ಹೆಡ್ಡರು. ಇಂಜಿನಿಯರುಗಳಂತೂ ಒಂದು ಮೊಳೆ ಹೊಡೆ ಅಂದರೆ ಬೆರಳು ಜಜ್ಜಿಕೊಂಡು ಪುಸ್ತಕ ತೆಗೆಯುವವರು. ಘಟ್ಟದ ಕೆಳಗಿನವರ ಸುದ್ದಿ ಬಂದರೆ ಅವನು ಮಾತೇ ಆಡುತ್ತಿರಲಿಲ್ಲ. ಎದ್ದು ಹೋಗಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬರುತ್ತಿದ್ದ, ಅಷ್ಟೇ.

ಹುಟ್ಟೂರು ದಾಸನಕೊಪ್ಪ. ಮನೆಗೆ ಹೊಲವಿತ್ತು, ಆದರೆ ಅಣ್ಣಂದಿರ ಹಿಂದೆ ನೇಗಿಲು ಹಿಡಿದು ನಡೆಯುವುದು ಅವನಿಗೆ ಸೇರಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಹುಬ್ಬಳ್ಳಿಗೆ ಹೋಗಿ ಬಾಡಿ ಕಟ್ಟುವ ಕೆಲಸ ಕಲಿತ, ಕಲಿಸಿದವರನ್ನೂ ಬೈದುಕೊಂಡೇ ಶಿರಸಿಗೆ ಬಂದು ಸ್ವಂತ ಶೆಡ್ ಹಾಕಿದ. ಕೆಲಸ ಮಾತ್ರ ಕಲ್ಲಿನಂಥದ್ದು. ದೇವಿಮನೆ ಘಟ್ಟದಲ್ಲಿ ಒಮ್ಮೆ ಅಡಿಕೆ ಲೋಡಿನ ಲಾರಿ ಉರುಳಿ ಚಾಸಿ ಬಿಲ್ಲಿನಂತೆ ಬಾಗಿದರೂ ಇವನು ಕಟ್ಟಿದ ಬಾಡಿಯ ಒಂದು ಹಲಗೆಯೂ ಕದಲಿರಲಿಲ್ಲ. ಆ ಕಥೆಯನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಸಂಶಯ ಬಂದಲ್ಲಿ ಇನ್ನೊಂದು ಕಬ್ಬಿಣದ ಆ್ಯಂಗಲ್ ಹೊಡೆ ಎನ್ನುವುದೇ ಅವನ ಶಾಸ್ತ್ರ.

ಈಚಿನ ವರ್ಷಗಳಲ್ಲಿ ಲಾರಿಗಳು ಕಂಪನಿಯಿಂದಲೇ ಬಾಡಿ ಹೊತ್ತು ಬರತೊಡಗಿದವು. ಮಡಿವಾಳಪ್ಪ ಅವುಗಳನ್ನು "ಬಿಸ್ಕೀಟ್ ಡಬ್ಬಿ" ಎಂದು ಕರೆದ. ಅವನ ಕೆಲಸಗಾರರು ಒಬ್ಬೊಬ್ಬರೇ ಅದೇ ಬಿಸ್ಕೀಟ್ ಡಬ್ಬಿಗಳ ರಿಪೇರಿಗೆ ಹೋದರು. ಹುಚ್ಚಪ್ಪ ಎಂಬ ಹಳೆಯ ಬಡಗಿಯೊಬ್ಬ ಉಳಿದ. ಅವನಿಗೆ ಕಿವಿ ಮಂದ. ಹಾಗಾಗಿಯೇ ಉಳಿದದ್ದು ಎಂದು ಮಡಿವಾಳಪ್ಪನ ಹೆಂಡತಿ ಕಲ್ಲವ್ವ ಹೇಳುತ್ತಿದ್ದಳು.

ಶ್ರೀವಾಣಿ ಬಂದದ್ದು ಆ ಖಾಲಿ ಶೆಡ್ಡಿಗೆ. ಸೋಂದಾ ಕಡೆಯ ತೋಟದ ಮನೆಯವಳು, ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡವಳು. ಮದುವೆಯಾಗಿರಲಿಲ್ಲ. ಕಾರವಾರದಲ್ಲಿ ಓದುವಾಗ ಎನ್‌ಸಿಸಿಯ ನೌಕಾ ವಿಭಾಗದಲ್ಲಿದ್ದು ಹಾಯಿ ಕಟ್ಟಿ ದೋಣಿ ನಡೆಸಲು ಕಲಿತಿದ್ದಳು. ಆ ಹುಚ್ಚು ಇಷ್ಟು ವರ್ಷ ಒಳಗೇ ಕೂತಿತ್ತು. ಈಗ ಪರದೇಶದ ಒಬ್ಬ ದೋಣಿ ವಿನ್ಯಾಸಕಾರನಿಂದ ನಕ್ಷೆ ತರಿಸಿಕೊಂಡಿದ್ದಳು. ಕರಾವಳಿಯ ಕಾರ್ಖಾನೆಗಳಲ್ಲಿ ಮೀನುಗಾರಿಕೆ ದೋಣಿಯ ಅಚ್ಚು ಬಿಟ್ಟು ಬೇರೆ ಕೆಲಸ ಹಿಡಿಯುವುದಿಲ್ಲ ಎಂದಿದ್ದರು.

ಮಡಿವಾಳಪ್ಪ ನಕ್ಷೆಯ ಸುರುಳಿಯನ್ನು ಬೆಂಚಿನ ಮೇಲೆ ಬಿಡಿಸಿ, ಹಾರದಂತೆ ಸುತ್ತಿಗೆ ಇಟ್ಟು ನೋಡಿದ.

"ಇದೇನ್ರಿ ಅಕ್ಕಾರ? ಹಡಗೋ, ಹಂದಿ ಗೂಡೋ?"

"ಹಾಯಿದೋಣಿ. ಇಪ್ಪತ್ತಡಿ ಉದ್ದ, ಏಳೂವರೆ ಅಡಿ ಅಗಲ. ಇಬ್ಬರು ಮಲಗೂವಷ್ಟು ಗೂಡು. ದಂಡೆ ಹಿಡಿದು ತದಡಿಯಿಂದ ಕಾರವಾರ, ಗೋವಾದವರೆಗೆ ಹೋಗ್ಲಿಕ್ಕೆ."

"ಬಸ್ಸಿಲ್ಲೇನು?"

ಶ್ರೀವಾಣಿ ನಕ್ಷೆಯ ಮೇಲೆ ಬೆರಳಿಟ್ಟು ಒಂದೊಂದೇ ಭಾಗ ತೋರಿಸಿದಳು. ಒಡಲು ತೆಳು ಪ್ಲೈವುಡ್ಡಿನದು, ಅಂಟು ಬಳಿದು ಮೇಲೆ ಗಾಜುನಾರಿನ ಬಟ್ಟೆ. ಹೊಟ್ಟೆಯ ಅಡಿಯಲ್ಲಿ ಮೀನಿನ ರೆಕ್ಕೆಯಂತೆ ಇಳಿದಿರುವುದು ಕೀಲು. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳದಂತೆ ಅದು ನೀರನ್ನು ಕಚ್ಚಿ ಹಿಡಿಯುತ್ತದೆ. ಅದರ ತುದಿಯಲ್ಲಿ ಮೂರು ಕ್ವಿಂಟಲ್ ಸೀಸ. ಒಟ್ಟು ದೋಣಿಯ ತೂಕದಲ್ಲಿ ಮೂರನೇ ಒಂದು ಪಾಲು ಅಲ್ಲಿಯೇ.

ಮಡಿವಾಳಪ್ಪನಿಗೆ ನಗು ತಡೆಯಲಿಲ್ಲ. "ತೇಲೂ ಗಾಡಿಗೆ ಸೀಸ ಕಟ್ಟೂದು. ಚಲೋ ಆತು. ಇನ್ನ ಈಜಾಕ ಹೋಗೂರ ಕೊಳ್ಳಿಗೆ ಒಂದೊಂದು ಬೀಸೂಕಲ್ಲು ಕಟ್ರಿ."

"ನಕ್ಷೆಯಲ್ಲಿ ಇದ್ದ ಹಾಗೇ ಮಾಡ್ಬೇಕು ಮಡಿವಾಳಪ್ಪನವ್ರೆ. ಒಂದು ನೂಲು ಆಚೆಯೂ ಬೇಡ, ಈಚೆಯೂ ಬೇಡ."

"ಮಾಡೋಣ್ರಿ. ನಮಗೇನು."

ಕೆಲಸ ಹಿಡಿದ, ಆದರೆ ಮನಸ್ಸಿನಲ್ಲಿ ಉಗಿದುಕೊಂಡೇ ಹಿಡಿದ. ಒಂಬತ್ತು ಎಂಎಂ ಪ್ಲೈವುಡ್ ಕಂಡು, ಇದರಲ್ಲಿ ಮದುವೆ ಮನೆಯ ಬೋರ್ಡು ಮಾಡಬಹುದು ಅಂದ. ಮೊಳೆಗಿಂತ ಅಂಟನ್ನು ನಂಬುವವರು ಲಗ್ನಪತ್ರಿಕೆ ಅಂಟಿಸಿಕೊಂಡಿರಲಿ ಅಂದ. ಶ್ರೀವಾಣಿ ದಿನವೂ ಬರುತ್ತಿದ್ದಳು, ಟೇಪು ಹಿಡಿಯುತ್ತಿದ್ದಳು, ತಪ್ಪಿದ್ದನ್ನು ಬಿಚ್ಚಿಸುತ್ತಿದ್ದಳು. ಅವಳು ಹೋದ ಮೇಲೆ ಮಡಿವಾಳಪ್ಪ ಹುಚ್ಚಪ್ಪನಿಗೆ ಅವಳ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದ. ಇಷ್ಟೆಲ್ಲದರ ನಡುವೆಯೂ ಒಡಲು ಚೆಂದವಾಗಿ ಎದ್ದಿತು, ಅಡಿಮೇಲಾಗಿ ಮಲಗಿದ ಗಬ್ಬದ ಹಸುವಿನ ಹಾಗೆ.

ಅಷ್ಟರಲ್ಲಿ ಶ್ರೀವಾಣಿಯ ಅಣ್ಣನಿಗೆ ಪುಣೆಯಲ್ಲಿ ಹೃದಯದ ಆಪರೇಷನ್ ಎಂದಾಯಿತು. ಅವಳು ನಕ್ಷೆಯನ್ನು ಶೆಡ್ಡಿನ ಗೋಡೆಗೆ ಅಂಟಿಸಿ, ಇನ್ನೊಮ್ಮೆ ಎಲ್ಲ ಹೇಳಿ, ಅಣ್ಣನ ಆರೈಕೆಗೆ ಹೋದಳು. ಮಳೆಗಾಲವೆಲ್ಲ ಅಲ್ಲೇ ಉಳಿಯಬೇಕಾಯಿತು.

ಮೇಲೆ ನಿಂತು ನೋಡುವವರಿಲ್ಲ ಎಂದಾದ ಕೂಡಲೇ ಮಡಿವಾಳಪ್ಪನಿಗೆ ನಕ್ಷೆಯ ಮೇಲಿನ ತಿರಸ್ಕಾರ ಕೈಗೆ ಇಳಿಯಿತು. ಗೂಡಿನೊಳಗೆ ಕೂತರೆ ತಲೆ ಮೇಲಿನ ಮಾಡಿಗೆ ತಾಗುತ್ತಿತ್ತು. ಮನುಷ್ಯರು ಕೂರುವುದಕ್ಕೋ, ಕೋಳಿ ಕಾವು ಕೂರುವುದಕ್ಕೋ ಎಂದು ಮಾಡನ್ನು ಒಂದೂವರೆ ಅಡಿ ಎತ್ತರಿಸಿದ. ಎತ್ತರಿಸಿದ ಮೇಲೆ ಅದು ಅಲುಗಬಾರದಲ್ಲ, ಒಳಗೆ ಸುತ್ತಲೂ ಆ್ಯಂಗಲ್ ಹೊಡೆದ. ಮೇಲೆ ಸಾಮಾನು ಇಡಲು ಲಾರಿಗೆ ಹಾಕುವಂಥದೇ ಕಬ್ಬಿಣದ ಕ್ಯಾರಿಯರ್ ಕೂರಿಸಿದ. ಒಡಲಿನ ಮೇಲೆ ಹಾಸುವ ಅಟ್ಟಕ್ಕೆ ಪ್ಲೈವುಡ್ ಯಾಕೆ, ಮತ್ತಿಯ ದಪ್ಪ ಹಲಗೆ ಜಡಿದ. ಕೀಲು ನೋಡಿದಾಗ ಅವನಿಗೆ ಕೆಟ್ಟ ರಸ್ತೆಯಲ್ಲಿ ಅಡಿ ಉಜ್ಜುವ ಕಾರುಗಳ ನೆನಪಾಯಿತು. ನದಿಯಲ್ಲಿ ಕಲ್ಲಿರುವುದಿಲ್ಲವೇ? ಕೀಲಿನ ಉದ್ದವನ್ನು ಅರ್ಧ ಕತ್ತರಿಸಿದ. ಮೇಲೆ ಹಾಕಿದ ಕಬ್ಬಿಣ, ಹಲಗೆ ಎಲ್ಲ ಸೇರಿ ಎರಡು ಕ್ವಿಂಟಲ್ ಆದೀತೆಂದು ಅಂದಾಜು ಮಾಡಿ, ಕೆಳಗಿನ ಸೀಸದಲ್ಲಿ ಅಷ್ಟನ್ನೇ ಕಡಿಮೆ ಮಾಡಿದ. ಒಟ್ಟು ತೂಕ ಸರಿಹೋಯಿತಲ್ಲ. ಕಾಲೇಜಿನಲ್ಲಿ ಕಲಿಸಿದವಳಿಗೆ ಇಷ್ಟು ಸಣ್ಣ ಲೆಕ್ಕ ಹೊಳೆಯಲಿಲ್ಲವಲ್ಲ ಎಂದು ತನ್ನಷ್ಟಕ್ಕೆ ನಕ್ಕ.

ದಸರೆ ಮುಗಿದ ಮೇಲೆ ಬಂದ ಶ್ರೀವಾಣಿ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ದೋಣಿಗೆ ಹಳದಿ ಬಣ್ಣ ಬಿದ್ದಿತ್ತು. ಹಣೆಯ ಮೇಲೆ "ಶ್ರೀ ವೀರಭದ್ರೇಶ್ವರ ಪ್ರಸನ್ನ" ಎಂದು ಬರೆದು ಎರಡೂ ಕಡೆ ತಾವರೆ ಬಿಡಿಸಲಾಗಿತ್ತು. ಅವಳು ಸುತ್ತ ಒಂದು ಸಲ ನಡೆದಳು, ಬಗ್ಗಿ ಕೀಲು ನೋಡಿದಳು, ಕ್ಯಾರಿಯರನ್ನು ಕೈಯಿಂದ ತಟ್ಟಿದಳು.

"ಎಂತ ಮಾಡಿಟ್ರಿ ಮಡಿವಾಳಪ್ಪನವ್ರೆ?"

"ಕೂಡಾಕ ಬರೂಹಂಗ ಮಾಡೇನ್ರಿ. ತೂಕ ಒಂದು ಕೇಜಿ ಹೆಚ್ಚಿಲ್ಲ. ಮ್ಯಾಲೆ ಹಾಕಿದ್ದನ್ನ ಕೆಳಗ ತಗದೇನಿ."

"ತೂಕ ಎಷ್ಟು ಅಂತ ನೀರು ಕೇಳೂದಿಲ್ಲ. ಎಲ್ಲಿದೆ ಅಂತ ಕೇಳ್ತದೆ. ಇದು ಮಗುಚ್ತದೆ."

"ನಲವತ್ತು ವರ್ಷ ಬಾಡಿ ಕಟ್ಟೇನ್ರಿ ಅಕ್ಕಾರ. ನೀವು ಹಾಳಿಮ್ಯಾಲೆ ನೋಡೀರಿ. ಇದು ತೇಲತೈತಿ."

"ತೇಲೂದು ಬೇರೆ, ನಿಲ್ಲೂದು ಬೇರೆ." ಅವಳು ಧ್ವನಿ ಏರಿಸಲಿಲ್ಲ. "ಆಯ್ತು. ಬಿಚ್ಚೂದು ಬೇಡ. ಇದೇ ಅವತಾರದಲ್ಲಿ ನೀರಿಗೆ ಹಾಕುವ. ನೀವೂ ಬರ್ಬೇಕು."

ಮಡಿವಾಳಪ್ಪ ತಾನೇ ಬಾಡಿ ಕಟ್ಟಿದ ಒಂದು ಲಾರಿಯಲ್ಲಿ ದೋಣಿ ಹೇರಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಘಟ್ಟ ಇಳಿದ. ತದಡಿಯಲ್ಲಿ ಅಘನಾಶಿನಿ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಂಡು ನಿಂತಿರುತ್ತದೆ. ದೋಣಿಗಳು ತಂಗುವ ಧಕ್ಕೆಯಲ್ಲಿ ಶ್ರೀವಾಣಿಯ ಪರಿಚಯದ ಸಂಜಯ ಎಂಬ ಬೋಟಿನ ಮಾಲಕ ನಾಲ್ಕಾರು ಜನರನ್ನು ಕರೆದುಕೊಂಡು ಕಾಯುತ್ತಿದ್ದ. ಹಳದಿ ದೋಣಿ ಕಂಡದ್ದೇ ಮೀನು ಆರಿಸುತ್ತಿದ್ದ ಹೆಂಗಸರೂ ಎದ್ದು ಬಂದರು.

ದೋಣಿ ತೇಲಿತು. ಮಡಿವಾಳಪ್ಪ ಸುತ್ತಲಿನವರನ್ನು ಒಮ್ಮೆ ಕಣ್ಣಿನಿಂದ ಅಳೆದು, ಧಕ್ಕೆಯಿಂದ ಅದರ ಅಂಚಿಗೆ ಕಾಲಿಟ್ಟ. ಇಟ್ಟ ಕಾಲಿನ ಕೆಳಗೆ ದೋಣಿ ಸರ್ರನೆ ಓರೆಯಾಯಿತು. ಅವನು ಕ್ಯಾರಿಯರನ್ನು ಅಪ್ಪಿಕೊಂಡು ಕುಕ್ಕರಿಸಿದ. ಯಾರೋ ಕಿಸಕ್ಕೆಂದರು. ಸಂಜಯನ ಜನ ಅವನನ್ನು ಕೈ ಹಿಡಿದು ಮೇಲಕ್ಕೆ ಎಳೆದುಕೊಂಡರು.

ಶ್ರೀವಾಣಿ ದೋಣಿಯ ಹಾಯಿಕಂಬದ ತುದಿಗೆ ಹಗ್ಗ ಕಟ್ಟಿಸಿದ್ದಳು. ಗಾಳಿ ಹಾಯಿಯನ್ನು ಒತ್ತಿದಾಗ ಏನಾಗುತ್ತದೆಂದು ಹಾಯಿ ಕಟ್ಟದೆಯೇ ನೋಡುವ ಉಪಾಯ ಅದು: ಧಕ್ಕೆಯಿಂದ ಕಂಬವನ್ನು ಎಳೆದು ವಾಲಿಸುವುದು, ಬಿಟ್ಟರೆ ತಾನಾಗಿ ಎದ್ದು ನಿಲ್ಲುತ್ತದೆಯೋ ನೋಡುವುದು. ಇಬ್ಬರು ಹಗ್ಗ ಹಿಡಿದು ಎಳೆದರು. ಕಂಬ ಅರ್ಧ ವಾಲುವವರೆಗೆ ಎಳೆಯಬೇಕಾಯಿತು. ಆಮೇಲೆ ಎಳೆಯುವ ಕೆಲಸವೇ ಉಳಿಯಲಿಲ್ಲ. ಮೇಲಿನ ಕಬ್ಬಿಣವೆಲ್ಲ ತಾನಾಗಿಯೇ ಕೆಳಗೆ ಬಂತು, ಕಂಬ ನೀರಿಗೆ ಚಟೀರೆಂದು ಬಡಿಯಿತು, ಗೂಡಿನ ಬಾಗಿಲಿನಿಂದ ನದಿ ಒಳಗೆ ನುಗ್ಗಿತು. ಕತ್ತರಿಸಿದ ಕೀಲು ಮೇಲೆದ್ದು ಎಲ್ಲರಿಗೂ ಕಾಣುವಂತೆ ನಿಂತಿತು.

"ಶಿರ್ಸಿಲಿ ದೋಣಿ ಕಟ್ಟಿದ್ರೆ ಹಿಂಗೇ ಆಗೂದು ಮಾರ್ರೆ," ಅಂದ ಸಂಜಯ. "ನಾವೇನ್ ತದಡಿಲಿ ಅಡಿಕೆ ಬೆಳೂಕೆ ಹೋಗ್ತೇವಾ?"

ಹೆಂಗಸರು ನಕ್ಕರು. ಮಡಿವಾಳಪ್ಪ ಆ ನಗುವನ್ನು ಸಹಿಸಿಕೊಂಡ. ಮೀನಿನವರ ನಗು, ಅದಕ್ಕೆ ಬೆಲೆಯೇನು? ಆದರೆ ಶ್ರೀವಾಣಿ ನಗಲಿಲ್ಲ. ಅವಳು ಅವನ ಕಡೆ ತಿರುಗಿ, ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಹೋದ ಹುಡುಗನನ್ನು ನೋಡುವಂತೆ ನೋಡಿದಳು.

"ನಿಮಗೆ ಗೊತ್ತಿಲ್ಲ ಅಂತ ನನಗೆ ಬೇಜಾರಿಲ್ಲ. ಗೊತ್ತಿಲ್ಲದ್ದನ್ನು ನೋಡಿ ನಗ್ತೀರಲ್ಲ, ಅದು. ಇದರಲ್ಲಿ ನಾನು ಅಳಿವೆ ದಾಟಿ ಸಮುದ್ರಕ್ಕೆ ಹೋಗಿದ್ರೆ?"

ಅಷ್ಟು ಹೇಳಿ ಅವಳು ನೀರು ಖಾಲಿ ಮಾಡಿಸುವ ಕೆಲಸಕ್ಕೆ ಹೋದಳು. ನಲವತ್ತು ವರ್ಷ ಊರಿಗೆಲ್ಲ ಹಂಚಿದ ತಿರಸ್ಕಾರ ಹೇಗಿರುತ್ತದೆಂದು ಮಡಿವಾಳಪ್ಪನಿಗೆ ಇನ್ನೊಬ್ಬರ ಕಣ್ಣಿನಲ್ಲಿ ಕಂಡದ್ದು ಅವತ್ತೇ ಮೊದಲು.

ದೋಣಿ ಮತ್ತೆ ಲಾರಿ ಏರಿ ಶಿರಸಿಗೆ ಬಂತು. ಎರಡು ದಿನ ಅವನು ಶೆಡ್ಡಿಗೆ ಹೋಗಲಿಲ್ಲ. ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಬೀಡಿ ಸೇದುತ್ತ ಕೂತಿದ್ದ. ಕಲ್ಲವ್ವ ತೊಳೆದು ಬಿಟ್ಟಿದ್ದ ಕೊಡವೊಂದು ತೊಟ್ಟಿಯ ನೀರಿನ ಮೇಲೆ ಅಡ್ಡ ಮಲಗಿ ತೇಲುತ್ತಿತ್ತು. ಅವನು ಕೊಡಕ್ಕೆ ಒಂದು ಚೊಂಬು ನೀರು ಹೊಯ್ದು ಬಿಟ್ಟ. ಕೊಡ ನೆಟ್ಟಗೆ ನಿಂತಿತು. ಬೆರಳಿನಿಂದ ವಾಲಿಸಿದ. ತೂಗಾಡಿ ಮತ್ತೆ ನಿಂತಿತು. ಹುಟ್ಟಿದಾಗಿನಿಂದ ಕಂಡ ಸಂಗತಿ. ತುಂಬುತ್ತಿರುವ ಕೊಡ ನಿಲ್ಲುತ್ತದೆ, ಖಾಲಿ ಕೊಡ ಮಲಗುತ್ತದೆ, ಇದು ಗೊತ್ತಿಲ್ಲದ ಮನುಷ್ಯ ದಾಸನಕೊಪ್ಪದಲ್ಲೇ ಇಲ್ಲ. ಅವನಿಗೆ ತನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೊಡವನ್ನು ಎತ್ತಿ ಅಂಗಳಕ್ಕೆ ಎಸೆದ.

"ಅದೇನ್ ಮಾಡಿತ್ತು ನಿಮಗ? ಇನ್ನ ನೀರು ಬೊಗಸ್ಯಾಗ ತರ್ರಿ," ಅಂದಳು ಕಲ್ಲವ್ವ.

ಮರುದಿನದಿಂದ ಬಿಚ್ಚುವ ಕೆಲಸ. ಕ್ಯಾರಿಯರ್ ಕೊಯ್ದು ಬಿಸುಟ. ಆ್ಯಂಗಲ್ ಒಂದೊಂದೇ ಕೀಳುವಾಗ ತನ್ನ ಹಲ್ಲೇ ಕಿತ್ತಂತಾಗುತ್ತಿತ್ತು, ಅಷ್ಟು ಗಟ್ಟಿಯಾಗಿ ಹೊಡೆದಿದ್ದ. ಮತ್ತಿ ಹಲಗೆ ತೆಗೆದು ಪ್ಲೈವುಡ್ ಹಾಸಿದ. ಮಾಡನ್ನು ಇಳಿಸಿದ. ಹೊಸ ಕೀಲು ಮಾಡಿ, ಸೀಸ ಕರಗಿಸಿ, ನಕ್ಷೆ ಹೇಳಿದಲ್ಲಿ ನಕ್ಷೆ ಹೇಳಿದಷ್ಟನ್ನೇ ಎರೆದ. ಶ್ರೀವಾಣಿ ಮತ್ತೆ ದಿನವೂ ಬರತೊಡಗಿದಳು. ಬೇಕಾದ್ದನ್ನು ಹೇಳುತ್ತಿದ್ದಳು, ಹೋಗುತ್ತಿದ್ದಳು. ಕ್ಷಮಿಸಿದೆನೆಂದೂ ಅನ್ನಲಿಲ್ಲ, ಅವನೂ ತಪ್ಪಾಯಿತೆನ್ನಲಿಲ್ಲ. ಬಣ್ಣ ಬಿಳಿಯಾಯಿತು. ವೀರಭದ್ರೇಶ್ವರನ ಹೆಸರಿನ ಮೇಲೆ ಬಳಿಯಲು ಹೋದವನನ್ನು ಅವಳೇ ತಡೆದಳು.

"ಅದಿರ್ಲಿ. ಅದೇನೂ ಭಾರ ಇಲ್ಲ."

ಸಂಕ್ರಾಂತಿಯ ಮುಂಚೆ ಮತ್ತೆ ತದಡಿ. ಈ ಸಲ ಕಂಬವನ್ನು ನೀರಿಗೆ ತಾಗಿಸಬೇಕಾದರೆ ಆರು ಜನ ಹಗ್ಗ ಹಿಡಿದು ಹಿಂದಕ್ಕೆ ಜೋಲಬೇಕಾಯಿತು. ಬಿಟ್ಟದ್ದೇ ತಡ, ದೋಣಿ ಚಂಗನೆ ಎದ್ದು ಎರಡು ಸಲ ತಲೆಯಾಡಿಸಿ ನಿಂತಿತು. ಮಡಿವಾಳಪ್ಪ ಸಂಜಯನತ್ತ ನೋಡಿ ಎಲೆಯಡಿಕೆ ಉಗಿದ.

"ಬರ್ತೀರಾ? ಓಂ ಬೀಚಿನವರೆಗೆ ಹೋಗಿ ಬರುವ," ಶ್ರೀವಾಣಿ ಕೇಳಿದಳು.

"ನಾನ್ಯಾಕ್ರಿ. ನಮಗ ನೆಲ ಸಾಕು."

"ಘಟ್ಟದ ಮೇಲಿನವ್ರು ನೀರಿಗೆ ಬರೂದಿಲ್ಲ ಬಿಡ್ರಿ," ಅಂದ ಸಂಜಯ. ಅಷ್ಟಾದ ಮೇಲೆ ಮಡಿವಾಳಪ್ಪ ಚಪ್ಪಲಿ ಬಿಚ್ಚಿ ದೋಣಿ ಹತ್ತಿದ.

ಇಳಿತದ ನೀರಿನೊಂದಿಗೆ ಅಳಿವೆ ದಾಟಿದರು. ಹೊರಗೆ ಬಂದ ಮೇಲೆ ವಾಯವ್ಯದಿಂದ ಗಾಳಿ ಎದ್ದಿತು. ಶ್ರೀವಾಣಿ ಹಾಯಿ ಬಿಗಿದದ್ದೇ ದೋಣಿ ಒಂದು ಮಗ್ಗುಲಿಗೆ ವಾಲಿತು. ಮಡಿವಾಳಪ್ಪ ಎರಡೂ ಕೈಗಳಿಂದ ಅಂಚು ಹಿಡಿದ. ಇನ್ನೂ ವಾಲಿತು. ಕೆಳಗಿನ ಅಂಚು ನೀರಿಗೆ ಒಂದು ಗೇಣು. ಧಕ್ಕೆಯಲ್ಲಿ ಅರ್ಧ ವಾಲಿ ಮಗುಚಿದ ಹಳದಿ ದೋಣಿ ಕಣ್ಣ ಮುಂದೆ ಬಂತು. ಇನ್ನು ಮುಗಿಯಿತು ಎಂದುಕೊಂಡ ಹೊತ್ತಿಗೆ ದೋಣಿ ಗಟ್ಟಿಯಾಯಿತು. ಕಾಲ ಕೆಳಗೆ ಯಾರೋ ಹೆಗಲು ಕೊಟ್ಟಂತೆ. ಗಾಳಿ ಒತ್ತಿದಷ್ಟೂ ಅದು ಅಲ್ಲಿಂದಾಚೆ ಜಗ್ಗಲಿಲ್ಲ, ಓರೆಯಾಗಿಯೇ ನೀರನ್ನು ಸೀಳಿಕೊಂಡು ಹೊರಟಿತು. ಅವನು ಎರೆದ ಸೀಸ ಕೆಳಗೆ ಕತ್ತಲಲ್ಲಿ ಕೆಲಸ ಮಾಡುತ್ತಿತ್ತು.

ಭಯ ಇಳಿದ ಮೇಲೆ ಬಾಯಿ ಬಂತು. ಓಂ ಬೀಚು ಎದುರಿಗೇ ಕಾಣುತ್ತಿತ್ತು, ದೋಣಿ ಮಾತ್ರ ಒಮ್ಮೆ ಅತ್ತ ಒಮ್ಮೆ ಇತ್ತ ಹೋಗುತ್ತಿತ್ತು.

"ಎತ್ತು ಉಚ್ಚಿ ಹೊಯ್ದಂಗ ಹೊಂಟೈತಲ್ರಿ ಅಕ್ಕಾರ. ಸೀದಾ ಹೋಗಾಕ ಬರೂದಿಲ್ಲೇನು?"

"ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ಸೀದಾ ಹೋಗೂದಿಲ್ಲ. ಇದು ಉಳಿದವಕ್ಕಿಂತ ಇನ್ನೂ ಹೆಚ್ಚು ಸುತ್ತು ಹಾಕ್ತದೆ. ನಕ್ಷೆಯಲ್ಲೇ ಕೀಲು ಗಿಡ್ಡ. ಉದ್ದ ಮಾಡಿದ್ರೆ ಚೆಂದ ಹೋಗ್ತಿತ್ತು, ಆದರೆ ತದಡಿಯಂಥ ಅಳಿವೆಯ ಮರಳ ಮೇಲೆ ಸಿಕ್ಕಿ ಬೀಳ್ತಿತ್ತು."

"ಓಡೂದಾದ್ರೂ ಎಷ್ಟು? ಸೈಕಲ್ ಮ್ಯಾಲಿನ ಮುದುಕ ಹಿಂದ ಹಾಕ್ತಾನ."

"ಹೌದು. ಗಾಳಿ ಸಣ್ಣಗಾದ್ರೆ ಅದೂ ಇಲ್ಲ. ಹೊಟ್ಟೆ ದಪ್ಪ, ಭಾರ ಜಾಸ್ತಿ. ಅಲೆ ಎದ್ರೆ ಮೂತಿ ಬಡಿದು ನಮ್ಮನ್ನು ಒದ್ದೆ ಮಾಡ್ತದೆ. ಗೂಡಿನಲ್ಲಿ ಕೂತ್ರೆ ತಲೆ ತಾಗ್ತದೆ, ನೀವು ಹೇಳಿದ್ದು ಸುಳ್ಳಲ್ಲ."

ಮಡಿವಾಳಪ್ಪ ಅವಳನ್ನು ನೋಡಿದ. ತನ್ನ ಗಾಡಿಯ ಐಬನ್ನು ಹೀಗೆ ಅಡುಗೆಯ ರುಚಿ ಹೇಳಿದಂತೆ ಹೇಳುವ ಮನುಷ್ಯರನ್ನು ಅವನು ಕಂಡಿರಲಿಲ್ಲ. ತಾನಂತೂ ಒಬ್ಬ ಗಿರಾಕಿಗೂ ಹೇಳಿದವನಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ಇದನ್ನ ಯಾಕ ಮಾಡಿಸಿದ್ರಿ?"

"ಒಬ್ಬಳೇ ನಡೆಸ್ಬಹುದು. ಹೊಳೆಬಾಯಿ ಹೊಕ್ಕು ಮಲಗ್ಬಹುದು. ಗಾಳಿ ಜೋರಾದ್ರೆ ಮನೆಗೆ ತಲುಪಿಸ್ತದೆ. ನನಗೆ ಅಷ್ಟೇ ಬೇಕಾಗಿತ್ತು."

ಮೂದಲಿಸಲು ಅವನಿಗೆ ಬೇರೆ ಮಾತು ಸಿಕ್ಕುವುದರೊಳಗೆ ಬೆಳಗಿನ ಇಡ್ಲಿ ಮೇಲೆ ಬಂತು. ಗಾಳಿ ಬರುವ ಕಡೆಗೆ ಕತ್ತು ಚಾಚಿದ್ದರಿಂದ ಅಂಗಿಯ ಮೇಲೆಯೇ ಬಿತ್ತು. ಶ್ರೀವಾಣಿ ನೀರಿನ ಬಾಟಲಿ ಕೊಟ್ಟಳು, ಇನ್ನು ಮುಂದೆ ಗಾಳಿ ಹೋಗುವ ಬದಿಗೆ ಕಾರಿಕೊಳ್ಳಿ ಅಂದಳು. ಓಂ ಬೀಚಿನ ಕೊಲ್ಲಿ ಮುಟ್ಟುವವರೆಗೆ ಅವನು ಆ ಬದಿಯಲ್ಲೇ ಇದ್ದ. ಹಿಂದಿರುಗುವಾಗ ಗಾಳಿ ಬೆನ್ನಿಗಿತ್ತು, ಹಾಯಿ ಹೊಟ್ಟೆ ತುಂಬಿಕೊಂಡು ದೋಣಿ ಸದ್ದಿಲ್ಲದೆ ಸಾಗಿತು. ಆಗ ಅವಳು ಚುಕ್ಕಾಣಿಯ ಹಿಡಿಯನ್ನು ಅವನ ಕೈಗೆ ಕೊಟ್ಟು ಬುತ್ತಿ ಬಿಚ್ಚಿದಳು. ಅವನು ಬೇಡವೆನ್ನಲಿಲ್ಲ.

ಸಂಜೆಯ ಬಸ್ಸಿನಲ್ಲಿ ಘಟ್ಟ ಹತ್ತುವಾಗ ಪ್ರತಿ ತಿರುವಿನಲ್ಲೂ ಡ್ರೈವರನನ್ನು ಬೈದ. ಮನೆಗೆ ಬಂದು ರೊಟ್ಟಿ ಮುಂದೆ ಕೂತರೆ ನೆಲ ಇನ್ನೂ ಅಲ್ಲಾಡುತ್ತಿತ್ತು.

"ಹೆಂಗಿತ್ತು?" ಕಲ್ಲವ್ವ ಕೇಳಿದಳು.

"ಹೆಂಗಿರ್ತೈತಿ. ಓಡೂದಿಲ್ಲ, ಸೀದಾ ಹೋಗೂದಿಲ್ಲ, ಬ್ರೇಕ್ ಇಲ್ಲ. ಕೂತ್ರ ತಲಿಗೆ ಬಡಿತೈತಿ, ನಿಂತ್ರ ಕಾಲಿಗೆ ನೀರು. ಬುದ್ಧಿ ಇದ್ದಾವ್ರು ಹತ್ತೂ ಗಾಡಿ ಅಲ್ಲ."

"ಮತ್ತ ಇನ್ನ ಹೋಗೂದಿಲ್ಲಲ್ಲ?"

ಅವನು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ.

"ಚುಕ್ಕಾಣಿ ಹಿಡಿ ಒಂಚೂರು ಸಡಲ ಐತಿ," ಅಂದ. "ಮುಂದಿನ ವಾರ ಹೋಗಿ ಬಿಗಿ ಮಾಡಬೇಕು. ಆ ತದಡಿಯಾವ್ರಿಗೆ ಹೇಳಿದ್ರ ಹಾಳು ಮಾಡ್ತಾರ."